ಕೊಟ್ಟಿಗೆಯಿಂದ ಕೊನೆಗೆ ಬಂದವಳು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ‘ದಿ ವಾಕಿಂಗ್ ಡೆಡ್’ ಸೀರೀಸ್‌ನ ಎರಡನೇ ಸೀಸನ್ನಿನ ಏಳನೇ ಕಂತನ್ನು ಬಾಯಿ ತುಂಬ ಹೊಗಳಿದ್ದಿರಿ. ಅದನ್ನು ಓದಿಯೇ ನೋಡಲು ಕೂತೆ. ಆರು ಕಂತು ಒಂದು ಮಗುವನ್ನು ಹುಡುಕಿಸಿ, ಏಳನೆಯದರಲ್ಲಿ ಅದರ ತಲೆಗೇ ಗುಂಡು ಹೊಡೆಸಿದ್ದಾರೆ. ನಾನೂ ಒಬ್ಬ ತಾಯಿ. ಇದು ಕಥೆಯಾ, ಕ್ರೌರ್ಯವಾ? ಹುಡುಕಿದ್ದೆಲ್ಲ ವ್ಯರ್ಥ ಅನ್ನುವುದಾದರೆ ನಾವು ಅಷ್ಟು ಹೊತ್ತು ಯಾಕೆ ಕಾಯಬೇಕಿತ್ತು? ಕೊನೆಗೆ ಆ ಶೇನ್ ಹೇಳಿದ್ದೇ ಸರಿ ಎಂದಾಯಿತಲ್ವಾ? ನಾನು ಅಲ್ಲಿಗೇ ನೋಡುವುದನ್ನು ನಿಲ್ಲಿಸಿದೆ.”

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದಲ್ಲಿ ಕೊನೆಯ ದೃಶ್ಯ ಮರೆಯಲಾಗದ್ದು ಎಂದಷ್ಟೇ ಬರೆದೆವು. ಅಲ್ಲಿ ಒಂದು ಮಗುವಿನ ಸಾವಿದೆ ಎಂಬ ಸುಳಿವನ್ನೂ ಕೊಡಲಿಲ್ಲ. ಕಥೆಯ ಗುಟ್ಟು ಬಿಡಬಾರದು ಅಂತ ಸುಮ್ಮನಿದ್ದೆವು. ಗುಟ್ಟು ಬಿಡದೆಯೂ, ಮಕ್ಕಳಿರುವವರು ಮನಸ್ಸು ಗಟ್ಟಿ ಮಾಡಿಕೊಂಡು ನೋಡಿ ಎಂದು ಒಂದು ಸಾಲು ಸೇರಿಸಬಹುದಿತ್ತು. ಆ ಪುಟವನ್ನು ಕೊನೆಗೆ ನೋಡಿ ಒಪ್ಪಿದವನು ನಾನು. ತಪ್ಪು ನನ್ನದೇ. ಕ್ಷಮಿಸಿ.

ಈ ಪುಟದಲ್ಲಿ ಪ್ರತಿ ಸಲ ನಾಲ್ಕೈದು ಪತ್ರಗಳಿಗೆ ಉತ್ತರ ಕೊಡುತ್ತೇನೆ. ಈ ಸಲ ಪೂರ್ತಿ ಪುಟ ನಿಮ್ಮೊಬ್ಬರ ಪತ್ರಕ್ಕೇ. ಈ ಕಂತು ಕ್ರೂರವಾಗಿದೆ ಎಂದರೆ ಒಪ್ಪುತ್ತೇನೆ. ಸುಮ್ನೆ ಬೆಚ್ಚಿಬೀಳಿಸಲು ಹಾಗೆ ಮಾಡಿದ್ದಾರೆ ಎಂದರೆ ಒಪ್ಪಲಾರೆ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ಜಾರ್ಜಿಯಾದಲ್ಲಿ ನಡೆಯುವ ಕಥೆ ಇದು. ಸತ್ತವರು ಎದ್ದು ಓಡಾಡುತ್ತಿದ್ದಾರೆ. ಕಚ್ಚಿಸಿಕೊಂಡವರು ಸತ್ತು, ಅವರೂ ಎದ್ದು ಬರುತ್ತಾರೆ. ಈ ಕಥೆಯ ಜನ ಅವರನ್ನು ‘ವಾಕರ್’ ಎನ್ನುತ್ತಾರೆ. ರಿಕ್ ಗ್ರೈಮ್ಸ್ ಎಂಬ ಪೊಲೀಸ್ ಅಧಿಕಾರಿಯ ಹಿಂದೆ ಒಂದು ಸಣ್ಣ ಗುಂಪು ಬದುಕಲು ಜಾಗ ಹುಡುಕುತ್ತಾ ಹೊರಟಿದೆ. ಅವನ ಹಳೆಯ ಗೆಳೆಯ, ಜೊತೆಗೆ ಪೊಲೀಸ್ ಕೆಲಸ ಮಾಡಿದ ಶೇನ್ ಕೂಡ ಅದರಲ್ಲಿದ್ದಾನೆ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲೇ ಕ್ಯಾರೊಲ್‌ಳ ಮಗಳು ಸೋಫಿಯಾ ಕಾಡಿನಲ್ಲಿ ಕಳೆದುಹೋಗುತ್ತಾಳೆ. ಅವಳನ್ನು ಹುಡುಕುತ್ತಲೇ ಗುಂಪು ಹರ್ಷಲ್ ಎಂಬ ಹಿರಿಯ ಪಶುವೈದ್ಯನ ಫಾರ್ಮ್ ಸೇರುತ್ತದೆ. ನೀವು ಹೇಳಿದ ಕಂತಿನ ಹೆಸರು ‘ಪ್ರೆಟಿ ಮಚ್ ಡೆಡ್ ಆಲ್‌ರೆಡಿ’. ಎಎಂಸಿ ಚಾನೆಲ್‌ನಲ್ಲಿ 2011ರ ನವೆಂಬರ್ 27ರಂದು ಬಂತು. ಬರೆದವರು ಸ್ಕಾಟ್ ಗಿಂಪಲ್, ನಿರ್ದೇಶಿಸಿದವರು ಮಿಶೆಲ್ ಮೆಕ್‌ಲಾರೆನ್.

ಈಗ ಸೀರೀಸ್‌ನ ಮೊಟ್ಟಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. 2010ರ ಅಕ್ಟೋಬರ್ 31ರಂದು ಬಂದ ಮೊದಲ ಕಂತು. ರಿಕ್ ಪೆಟ್ರೋಲ್ ಹುಡುಕುತ್ತಾ ಒಂದು ಬಂಕಿಗೆ ಬರುತ್ತಾನೆ. ಕಾರಿನ ಕೆಳಗೆ ಬಗ್ಗಿ ನೋಡಿದರೆ ಆಚೆ ಬದಿಯಲ್ಲಿ ಪುಟ್ಟ ಚಪ್ಪಲಿ ಹಾಕಿದ ಎರಡು ಕಾಲು. ಒಂದು ಕೈ ಬಂದು ಗೊಂಬೆಯನ್ನು ಎತ್ತಿಕೊಳ್ಳುತ್ತದೆ. ಭಯಪಡಬೇಡ ಎನ್ನುತ್ತಾ ರಿಕ್ ಹಿಂದೆ ಹೋಗುತ್ತಾನೆ. ಹುಡುಗಿ ತಿರುಗುತ್ತಾಳೆ. ಬಾಯಿಯ ಒಂದು ಬದಿ ಹರಿದುಹೋಗಿದೆ. ಅವಳು ಮೈಮೇಲೆ ಬರುತ್ತಾಳೆ, ರಿಕ್ ಗುಂಡು ಹಾರಿಸುತ್ತಾನೆ. ಕಥೆ ಶುರುವಾಗುವುದೇ ಹೀಗೆ.

ಆ ಹುಡುಗಿಗೆ ನೀವು ಅತ್ತಿರಾ? ನಾನು ಅಳಲಿಲ್ಲ. ಬೆಚ್ಚಿದೆ, ಅಷ್ಟೇ. ಅವಳ ಹೆಸರು ನಮಗೆ ಗೊತ್ತಿಲ್ಲ. ಅವಳ ತಾಯಿ ಯಾರು, ಆ ಗೊಂಬೆಯನ್ನು ಕೊಟ್ಟವರು ಯಾರು, ಏನೂ ಗೊತ್ತಿಲ್ಲ. ಅವಳನ್ನೂ ಯಾರೋ ಹುಡುಕಿರಬೇಕು. ಆ ಹುಡುಕಾಟವನ್ನು ನಮಗೆ ತೋರಿಸಿಲ್ಲ.

ಸೋಫಿಯಾಳದ್ದನ್ನು ತೋರಿಸಿದ್ದಾರೆ. ಆರು ಕಂತು ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಮೊದಲ ಕಂತಿನ ಹುಡುಗಿಗೂ ಏಳನೇ ಕಂತಿನ ಹುಡುಗಿಗೂ ಆದದ್ದು ಒಂದೇ. ಹಾರಿಸಿದವನೂ ಒಬ್ಬನೇ. ಒಂದನ್ನು ನೋಡಿ ಮುಂದಕ್ಕೆ ಹೋದೆವು. ಇನ್ನೊಂದನ್ನು ನೋಡಿ ನೀವು ನನಗೆ ಪತ್ರ ಬರೆದಿರಿ. ನಡುವೆ ಇರುವುದು ಒಂದು ಹೆಸರು, ನದಿಯಲ್ಲಿ ಗುಂಪಿನ ಡ್ಯಾರಿಲ್‌ಗೆ ಸಿಕ್ಕಿದ ಒಂದು ಗೊಂಬೆ, ಒಂದು ಬಾಟಲಿಯಲ್ಲಿಟ್ಟು ಅವನು ಕ್ಯಾರೊಲ್‌ಗೆ ಕೊಟ್ಟ ಬಿಳಿ ಹೂವು, ದಿನಾ ಬೆಳಗ್ಗೆ ಕಾಡಿಗೆ ಹೊರಡುವ ಗಂಡಸರು, ದಾರಿ ಕಾಯುತ್ತಾ ಕೂತ ಒಬ್ಬ ತಾಯಿ.

ಇನ್ನು ಹರ್ಷಲ್ ಬಗ್ಗೆ ಹೇಳಬೇಕು. ನಿಮ್ಮ ಪತ್ರದಲ್ಲಿ ಅವನ ಹೆಸರೇ ಇಲ್ಲ. ನನ್ನ ಮಟ್ಟಿಗೆ ಈ ಕಂತು ಸೋಫಿಯಾಳದ್ದು ಎಷ್ಟೋ, ಹರ್ಷಲ್‌ನದ್ದೂ ಅಷ್ಟೇ.

ಹರ್ಷಲ್ ತನ್ನ ಕೊಟ್ಟಿಗೆಯಲ್ಲಿ ವಾಕರ್‌ಗಳನ್ನು ಕೂಡಿಹಾಕಿದ್ದಾನೆ. ಅದರೊಳಗೆ ಅವನ ಹೆಂಡತಿ ಇದ್ದಾಳೆ, ಹೆಂಡತಿಯ ಮಗ ಇದ್ದಾನೆ, ನೆರೆಹೊರೆಯವರಿದ್ದಾರೆ. ಅವರಿಗೆ ಕಾಯಿಲೆ ಬಂದಿದೆ, ಒಂದು ದಿನ ಔಷಧಿ ಸಿಗುತ್ತದೆ ಎಂದು ಅವನು ನಂಬಿದ್ದಾನೆ. ರಿಕ್ ಗುಂಪಿನವರಿಗೆ ಇದು ಹುಚ್ಚಾಗಿ ಕಾಣುತ್ತದೆ. ಅದಕ್ಕೆ ಕಾರಣವೂ ಇದೆ. ಮೊದಲ ಸೀಸನ್ನಿನ ಕೊನೆಯಲ್ಲಿ ಡಾಕ್ಟರ್ ಜೆನ್ನರ್ ಅವರಿಗೆ ಒಂದು ಮೆದುಳಿನ ಸ್ಕ್ಯಾನ್ ತೋರಿಸಿದ್ದ. ಸತ್ತ ಮೇಲೆ ಮೆದುಳಿನ ಬುಡ ಮಾತ್ರ ಮತ್ತೆ ಮಿಣುಕುತ್ತದೆ, ಉಳಿದದ್ದೆಲ್ಲ ಕತ್ತಲೆ. ಅದು ಅವನ ಸ್ವಂತ ಹೆಂಡತಿಯ ಸ್ಕ್ಯಾನ್. ಹರ್ಷಲ್ ಅದನ್ನು ನೋಡಿಲ್ಲ. ಅವನು ನೋಡಿದ್ದು ತನ್ನ ಹೆಂಡತಿಯ ಮುಖವನ್ನು.

ಅವನೊಬ್ಬನೇ ಹೀಗೆ ಅಂತ ಅಲ್ಲ. ಸೀರೀಸ್‌ನ ಮೊದಲ ಕಂತಿನಲ್ಲಿ ರಿಕ್‌ಗೆ ಆಶ್ರಯ ಕೊಟ್ಟ ಮಾರ್ಗನ್ ಮಹಡಿಯ ಕಿಟಕಿಯಲ್ಲಿ ಬಂದೂಕು ಹಿಡಿದು ಕೂರುತ್ತಾನೆ. ಕೆಳಗೆ ಬೀದಿಯಲ್ಲಿ ವಾಕರ್ ಆಗಿ ಅಲೆಯುತ್ತಿರುವ ಹೆಂಡತಿಗೆ ಗುರಿ ಇಡುತ್ತಾನೆ. ಅಳುತ್ತಾನೆ. ಹಾರಿಸಲು ಆಗುವುದಿಲ್ಲ. ರಿಕ್ ಗುಂಪಿನ ಆಂಡ್ರಿಯಾ ಸತ್ತ ತಂಗಿಯ ಪಕ್ಕದಲ್ಲೇ ಕೂತು, ಅವಳು ಕಣ್ಣು ಬಿಡುವವರೆಗೂ ಕಾದು, ಆಮೇಲೆ ಹಾರಿಸಿದ್ದಳು. ತಮ್ಮವರು ಎಂದಾಗ ಎಲ್ಲರೂ ಸ್ವಲ್ಪ ಹೊತ್ತಾದರೂ ಹರ್ಷಲ್‌ನಂತೆಯೇ ಇದ್ದವರು. ಬೇರೆಯವರ ಕೊಟ್ಟಿಗೆಯ ಮುಂದೆ ನಿಂತಾಗ ಅದು ನೆನಪಾಗುವುದಿಲ್ಲ.

ಫಾರ್ಮ್‌ನಲ್ಲಿ ಉಳಿಯಬೇಕಾದರೆ ಇವರನ್ನು ಮನುಷ್ಯರಂತೆ ನೋಡಿಕೊಳ್ಳಬೇಕು ಎನ್ನುತ್ತಾನೆ ಹರ್ಷಲ್. ರಿಕ್ ಒಪ್ಪುತ್ತಾನೆ. ಅವನ ಹೆಂಡತಿ ಬಸುರಿ, ಬೇರೆ ದಾರಿ ಇಲ್ಲ. ಬೀದಿನಾಯಿ ಹಿಡಿಯುವವರ ಕೈಯಲ್ಲಿರುತ್ತಲ್ಲ, ತುದಿಗೆ ಕುಣಿಕೆ ಇರುವ ಉದ್ದ ಕೋಲು, ಅಂಥದ್ದರಲ್ಲಿ ವಾಕರ್‌ಗಳನ್ನು ಹಿಡಿದು ಇಬ್ಬರೂ ಕೊಟ್ಟಿಗೆಯತ್ತ ನಡೆಸಿಕೊಂಡು ಬರುತ್ತಾರೆ. ಅಷ್ಟರಲ್ಲಿ ಶೇನ್ ಎಲ್ಲರಿಗೂ ಬಂದೂಕು ಹಂಚಿದ್ದಾನೆ. ಹರ್ಷಲ್ ಹಿಡಿದಿದ್ದ ವಾಕರ್‌ನ ಎದೆಗೆ ಶೇನ್ ಒಂದಾದ ಮೇಲೊಂದು ಗುಂಡು ಹೊಡೆಯುತ್ತಾನೆ. ಬದುಕಿರುವವರಾದರೆ ಇಷ್ಟಾದ ಮೇಲೂ ನಿಂತಿರುತ್ತಾರಾ ಎಂದು ಕೇಳುತ್ತಾನೆ. ಕೊನೆಗೆ ತಲೆಗೆ ಹೊಡೆಯುತ್ತಾನೆ. ಹರ್ಷಲ್ ಮಂಡಿಯೂರಿ ಕುಸಿಯುತ್ತಾನೆ. ಹರ್ಷಲ್ ಪಾತ್ರ ಮಾಡಿದ ಸ್ಕಾಟ್ ವಿಲ್ಸನ್ ಇಲ್ಲಿ ಒಂದು ಮಾತೂ ಆಡುವುದಿಲ್ಲ. ಆ ಮುಖವೊಂದೇ ಸಾಕು. ಅವರು 2018ರಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಇದೇ ಮುಖ.

ಶೇನ್ ಪಿಕಾಸಿಯಿಂದ ಬೀಗ ಒಡೆಯುತ್ತಾನೆ. ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಶೇನ್, ಆಂಡ್ರಿಯಾ, ಡ್ಯಾರಿಲ್, ಟಿ-ಡಾಗ್ ಸಾಲಾಗಿ ನಿಂತು ಹೊಡೆಯುತ್ತಾರೆ. ಗ್ಲೆನ್ ಮಾತ್ರ ಮೊದಲು ಹರ್ಷಲ್‌ನ ಮಗಳು ಮ್ಯಾಗಿಯ ಕಡೆ ತಿರುಗಿ ನೋಡುತ್ತಾನೆ. ಅವಳು ಹೂಂ ಎಂದ ಮೇಲೆಯೇ ಬಂದೂಕು ಎತ್ತುತ್ತಾನೆ. ಒಳಗಿರುವುದು ಅವಳ ಮನೆಯವರು, ಅಲ್ವಾ. ಇಷ್ಟು ಜನರ ನಡುವೆ ಕೇಳಬೇಕು ಅನ್ನಿಸಿದ್ದು ಅವನೊಬ್ಬನಿಗೇ. ಅದಕ್ಕಾಗಿಯೇ ಗ್ಲೆನ್ ನನಗೆ ಅಷ್ಟು ಇಷ್ಟ.

ಗುಂಡಿನ ಸದ್ದು ನಿಲ್ಲುತ್ತದೆ. ಎಲ್ಲ ಮುಗಿಯಿತು ಅನ್ನಿಸುತ್ತದೆ. ಆಗ ಕೊಟ್ಟಿಗೆಯ ಕತ್ತಲಲ್ಲಿ ಇನ್ನೊಂದು ಸಣ್ಣ ಗೊರಗೊರ ಸದ್ದು. ಒಂದು ಪುಟ್ಟ ಆಕಾರ ಬೆಳಕಿಗೆ ಬರುತ್ತದೆ. ಸೋಫಿಯಾ. ಕುತ್ತಿಗೆಯ ಬುಡದಲ್ಲಿ ಕಚ್ಚಿದ ಗಾಯ. ಕ್ಯಾರೊಲ್ ಓಡುತ್ತಾಳೆ, ಡ್ಯಾರಿಲ್ ಅವಳನ್ನು ತಬ್ಬಿ ಹಿಡಿಯುತ್ತಾನೆ, ಇಬ್ಬರೂ ನೆಲಕ್ಕೆ ಬೀಳುತ್ತಾರೆ.

ಎರಡನೇ ಸಲ ನೋಡಿದಾಗ ನಾನು ಸೋಫಿಯಾಳನ್ನು ನೋಡಲಿಲ್ಲ. ಸುತ್ತ ನಿಂತವರನ್ನು ನೋಡಿದೆ. ನಿಮಗೂ ಒಮ್ಮೆ ಹಾಗೆ ನೋಡಲು ಹೇಳುತ್ತೇನೆ. ಅರ್ಧ ನಿಮಿಷದ ಹಿಂದೆ ಹರ್ಷಲ್‌ನ ಹೆಂಡತಿಗೆ ಹೊಡೆದವರು, ಅವನ ನೆರೆಯವರಿಗೆ ಹೊಡೆದವರು, ಬಂದೂಕು ಇಳಿಸಿ ನಿಂತಿದ್ದಾರೆ. ಒಬ್ಬರಿಗೂ ಕೈ ಬರುತ್ತಿಲ್ಲ. ಸಾಲು ಒಡೆದಿಲ್ಲ, ಬಂದೂಕಿನಲ್ಲಿ ಗುಂಡಿದೆ, ಎದುರಿಗೆ ಬರುತ್ತಿರುವುದು ಮೊದಲು ಬಂದವರಂಥದ್ದೇ. ಆದರೂ ಆಗುತ್ತಿಲ್ಲ. ಹರ್ಷಲ್ ಇಷ್ಟು ದಿನ ಯಾಕೆ ಆ ಬಾಗಿಲಿಗೆ ಬೀಗ ಹಾಕಿಟ್ಟಿದ್ದ ಎಂದು ಯಾರೂ ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಾತಿಲ್ಲದೆ ಇದನ್ನು ಹೇಳಿದ್ದಾರಲ್ಲ, ನಾನು ಈ ಕಂತನ್ನು ಹೊಗಳುವುದು ಅದಕ್ಕೇ. ಸೋಫಿಯಾ ಮೊದಲೇ ಬಂದಿದ್ದರೆ ಇದು ಆಗುತ್ತಿರಲಿಲ್ಲ. ಅವಳು ಕೊನೆಗೇ ಬರಬೇಕಿತ್ತು.

ಶೇನ್ ಹೇಳಿದ್ದೇ ಸರಿಯಾಯಿತಲ್ವಾ ಎಂದು ಕೇಳಿದ್ದೀರಿ. ಹೌದು, ಸೋಫಿಯಾ ಬದುಕಿಲ್ಲ ಎಂದು ಅವನು ಹೇಳುತ್ತಲೇ ಇದ್ದ, ಅವಳು ಬದುಕಿರಲಿಲ್ಲ. ಕೊಟ್ಟಿಗೆಯಲ್ಲಿರುವವರು ಸತ್ತವರು ಎಂದ, ಅದೂ ನಿಜ. ಆದರೆ ಇಷ್ಟೆಲ್ಲ ಸರಿ ಹೇಳಿದವನು ಕೊನೆಯ ಗುಂಡು ಹಾರಿಸಬೇಕಾದಾಗ ಎಲ್ಲಿದ್ದ? ಬಾಗಿಲು ಒಡೆದವನು ಅವನು. ಹೊರಗೆ ಬಂದದ್ದನ್ನು ಎದುರಿಸಲಾಗದೆ ನಿಂತವನೂ ಅವನೇ.

ಇನ್ನೊಂದು ವಿಷಯ ಇದೆ. ನೀವು ನಿಲ್ಲಿಸಿದ ಮುಂದಿನ ಕಂತಿನಲ್ಲಿ ಬರುತ್ತದೆ. ವಾಕರ್‌ಗಳನ್ನು ಹಿಡಿದು ಕೊಟ್ಟಿಗೆಗೆ ಸೇರಿಸುತ್ತಿದ್ದದ್ದು ಹರ್ಷಲ್‌ನ ಫಾರ್ಮ್‌ನಲ್ಲಿ ಕೆಲಸ ಮಾಡುತ್ತಿದ್ದ ಓಟಿಸ್. ಸೋಫಿಯಾಳನ್ನೂ ಅವನೇ ತಂದು ಹಾಕಿರಬೇಕು, ತನಗೆ ಗೊತ್ತಿರಲಿಲ್ಲ ಎನ್ನುತ್ತಾನೆ ಹರ್ಷಲ್. ಆ ಓಟಿಸ್‌ಗೆ ಏನಾಯಿತು ಎಂದು ನೀವು ಮೂರನೇ ಕಂತಿನಲ್ಲಿ ನೋಡಿದ್ದೀರಿ. ಬೆನ್ನಟ್ಟಿ ಬರುತ್ತಿದ್ದ ವಾಕರ್‌ಗಳಿಂದ ತಾನು ತಪ್ಪಿಸಿಕೊಳ್ಳಲು ಅವನ ಕಾಲಿಗೆ ಗುಂಡು ಹೊಡೆದು ಬಿಟ್ಟು ಬಂದವನು ಶೇನ್. ಕೊಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲವನು ಅಲ್ಲಿಗೇ ಹೋದ. ಆಮೇಲಿನ ಹುಡುಕಾಟವೆಲ್ಲ ನಡೆದದ್ದು ಅವಳ ಹತ್ತಿರವೇ, ಒಂದು ಬಾಗಿಲಿನ ಈಚೆ. ಇದನ್ನು ಬರೆದವರು ಎಲ್ಲೂ ಎತ್ತಿ ಹೇಳುವುದಿಲ್ಲ. ನಾವೇ ಕೂಡಿಸಿಕೊಳ್ಳಬೇಕು.

ಹಾಗಾದರೆ ಹಾರಿಸಿದವನು ರಿಕ್ ಯಾಕೆ? ಕಾಡಿನಲ್ಲಿ ಸೋಫಿಯಾಳನ್ನು ಕೊನೆಗೆ ನೋಡಿದವನು ಅವನು. ತೊರೆಯ ದಡದ ಪೊದರಿನಲ್ಲಿ ಬಚ್ಚಿಟ್ಟು, ನಾನು ಬರದಿದ್ದರೆ ಸೂರ್ಯನನ್ನು ಎಡಭುಜದ ಕಡೆ ಇಟ್ಟುಕೊಂಡು ರಸ್ತೆಗೆ ನಡಿ ಎಂದು ಹೇಳಿಹೋಗಿದ್ದ. ಬಂದು ನೋಡಿದರೆ ಅವಳಿರಲಿಲ್ಲ. ಕೊಟ್ಟಿಗೆಯ ಮುಂದೆ ಅಲ್ಲಿಯವರೆಗೆ ಅವನು ಒಂದು ಗುಂಡನ್ನೂ ಹಾರಿಸಿರಲಿಲ್ಲ, ನಿಲ್ಲಿಸು ಎಂದು ಶೇನ್‌ಗೆ ಕೂಗುತ್ತಲೇ ಇದ್ದ. ಈಗ ಎಲ್ಲರನ್ನೂ ದಾಟಿ ಮುಂದೆ ಬಂದು ಅವಳ ಎದುರು ನಿಲ್ಲುತ್ತಾನೆ. ಅವಳನ್ನು ಬಿಟ್ಟು ಬಂದವನು ಅವನಾದ್ದರಿಂದ ಕೊನೆಯ ಕೆಲಸವೂ ಅವನದೇ ಎಂದು ನನಗೆ ಅರ್ಥವಾಯಿತು. ರಿಕ್ ಪಾತ್ರ ಮಾಡಿದ ಆಂಡ್ರೂ ಲಿಂಕನ್ ಆ ಕೆಲವು ಹೆಜ್ಜೆಗಳನ್ನು ಹೇಗೆ ಇಟ್ಟಿದ್ದಾರೆ ಎಂದು ನೋಡಿ. ಬೇಗ ಮುಗಿಸಬೇಕು ಎಂಬ ಅವಸರ ಇಲ್ಲ. ಆಗದು ಎಂಬ ಹಿಂಜರಿಕೆಯನ್ನು ತೋರಿಸುವಂತೆಯೂ ಇಲ್ಲ.

ನಿಮ್ಮ ದೂರಿನಲ್ಲಿ ನನಗೂ ಪಾಲಿದೆ. ಈ ಆರು ಕಂತುಗಳು ಜಾಸ್ತಿ ನಿಧಾನ. ಅದೇ ಜಗಳ, ಅದೇ ಜಗುಲಿ, ಮತ್ತೆ ಮತ್ತೆ. ಮೊದಲ ಸೀಸನ್ ಕಟ್ಟಿದ ಫ್ರಾಂಕ್ ಡರಾಬಾಂಟ್ 2011ರ ಜುಲೈಯಲ್ಲೇ ಹೊರಬಿದ್ದರು, ಗ್ಲೆನ್ ಮಜಾರಾ ಜವಾಬ್ದಾರಿ ವಹಿಸಿಕೊಂಡರು. ನಿಧಾನಕ್ಕೆ ಅದೇ ಕಾರಣ ಎಂದು ಹೇಳುತ್ತಿಲ್ಲ, ಆದರೆ ನಡುವೆ ಕೈ ಬದಲಾದ ಸೀಸನ್ ಇದು ಎಂಬುದು ನೆನಪಿರಲಿ. ಅದಕ್ಕಿಂತ ದೊಡ್ಡ ಕೊರತೆ ಬೇರೆ. ಸೋಫಿಯಾಳಿಗೆ ಮಾತೇ ಕೊಟ್ಟಿಲ್ಲ. ಅವಳಿಗೆ ಏನು ಇಷ್ಟ, ಹೇಗೆ ನಗುತ್ತಾಳೆ, ನಮಗೆ ಗೊತ್ತಾಗುವುದೇ ಇಲ್ಲ. ಬೇರೆಯವರು ಹುಡುಕುವ ರೀತಿಯಿಂದಲೇ ಅವಳನ್ನು ಪ್ರೀತಿಸಬೇಕಾಯಿತು. ಕ್ಯಾರೊಲ್‌ಳನ್ನೂ ಹೆಚ್ಚು ಹೊತ್ತು ಅಳುತ್ತಾ ಕೂರಿಸಿದ್ದಾರೆ. ಒಬ್ಬ ತಾಯಿಯಾಗಿ ನಿಮಗೆ ಇದು ಚುಚ್ಚಿದ್ದರೆ ಅದು ನ್ಯಾಯವೇ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ರಾಬರ್ಟ್ ಕರ್ಕ್‌ಮನ್ ಅವರ ಮೂಲ ಕಾಮಿಕ್ಸ್ 2003ರಿಂದ 2019ರವರೆಗೆ ಬಂತು. ಅದರಲ್ಲಿ ಸೋಫಿಯಾ ಕೊನೆಯವರೆಗೂ ಬದುಕುತ್ತಾಳೆ, ಬೇಗ ಸಾಯುವವಳು ಕ್ಯಾರೊಲ್. ಟೀವಿಯಲ್ಲಿ ಇದನ್ನು ತಿರುಗಿಸಿದರು. ಮಗಳು ಹೋದಳು, ತಾಯಿ ಉಳಿದಳು. 2022ರಲ್ಲಿ ಹನ್ನೊಂದನೇ ಸೀಸನ್ ಮುಗಿದಾಗಲೂ ಕ್ಯಾರೊಲ್ ಇದ್ದಳು. ಮೆಲಿಸಾ ಮೆಕ್‌ಬ್ರೈಡ್ ಮಾಡಿದ ಆ ಪಾತ್ರ ಬೆಳೆದ ರೀತಿ ನೋಡಿದರೆ, ಕೊಟ್ಟಿಗೆಯ ಮುಂದೆ ಬಿದ್ದು ಅತ್ತವಳು ಇವಳೇನಾ ಅನ್ನಿಸುತ್ತದೆ.

ಮುಂದೆ ಎಲ್ಲವನ್ನೂ ನೋಡಿ ಎಂದು ನಾನು ಕೇಳುವುದಿಲ್ಲ. ಎಂಟನೇ ಕಂತು, ‘ನೆಬ್ರಾಸ್ಕಾ’, ಅದರ ಮೊದಲ ಭಾಗವಾದರೂ ನೋಡಿ. ನೀವು ನಿಲ್ಲಿಸಿದ ಕ್ಷಣದಿಂದಲೇ ಅದು ಶುರುವಾಗುತ್ತದೆ. ಸೋಫಿಯಾಳನ್ನು ಮಣ್ಣು ಮಾಡುವಾಗ ಎಲ್ಲರೂ ಸೇರುತ್ತಾರೆ, ಕ್ಯಾರೊಲ್ ಬರುವುದಿಲ್ಲ. ಅದು ನನ್ನ ಮಗಳಲ್ಲ ಎನ್ನುತ್ತಾಳೆ. ಕಾಡಿನಲ್ಲಿ ಮಗು ಹಸಿದು ಅಳುತ್ತಾ ಮಲಗಿರುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ, ಅವಳು ಹಾಗೆ ಅಳಲೇ ಇಲ್ಲ, ಎಂದೋ ಹೋಗಿಬಿಟ್ಟಿದ್ದಳು ಎನ್ನುತ್ತಾಳೆ. ಆಮೇಲೆ ಎದ್ದು ಹೋಗಿ, ಡ್ಯಾರಿಲ್ ತಂದುಕೊಟ್ಟಿದ್ದ ಆ ಬಿಳಿ ಹೂವಿನ ಪೊದೆಯನ್ನೇ ಬರಿಗೈಯಲ್ಲಿ ಕಿತ್ತು ಎಸೆಯುತ್ತಾಳೆ. ಕೈಯೆಲ್ಲ ಗೀರುತ್ತದೆ. ಮಣ್ಣು ಹತ್ತಿದ ಆ ಕೈಗಳನ್ನು ನೀರು ಹಾಕಿ ತೊಳೆದುಕೊಡುವವನು ಶೇನ್.

ನೋಡಿದ ಮೇಲೆ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ