ಪರ್ಡ್ಯೂಗೆ ಹೊರಟಿರುವ ತಂಗಿಗೆ

ತಂಗಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂ.ಎಸ್. ಸೀಟು ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. ಕ್ಯಾಂಪಸ್ ಹೇಗಿದೆ, ಎಂಜಿನಿಯರಿಂಗ್ ಬಿಟ್ಟು ಇನ್ನೇನಿದೆ, ಆ ಸಣ್ಣ ಊರಲ್ಲಿ ಬೇಜಾರಾಗಲ್ವಾ ಅಂತ ಕೇಳಿದ್ದೀಯ. ನಾನು ಇಲ್ಲೇ ಓದಿ ಇಲ್ಲೇ ಉಳಿದವಳು.

ಊರು ವೆಸ್ಟ್ ಲಫಾಯೆಟ್, ಇಂಡಿಯಾನಾ ರಾಜ್ಯ. ವಬಾಷ್ ಹೊಳೆಯ ಆಚೆ ದಡದಲ್ಲಿ ಲಫಾಯೆಟ್, ಈಚೆ ನಾವು. ಊರು ದಾಟಿದರೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ. ದಾವಣಗೆರೆಯ ಹುಡುಗಿಗೆ ಮೆಕ್ಕೆಜೋಳದ ಹೊಲ ಹೊಸದಲ್ಲ, ಅಲ್ವಾ? ಚಳಿ ಮಾತ್ರ ಹೊಸದು. ದಪ್ಪ ಕೋಟು ಇಲ್ಲಿಗೆ ಬಂದೇ ತಗೋ.

ಬಂದ ಮೊದಲ ದಿನವೇ ಯೂನಿವರ್ಸಿಟಿ ಹಾಲ್ ನೋಡು. 1877ರ ಇಟ್ಟಿಗೆ ಕಟ್ಟಡ. ಅದರ ಎದುರಿನ ಹುಲ್ಲುಹಾಸಿನಲ್ಲೇ ಜಾನ್ ಪರ್ಡ್ಯೂ ಅವರ ಸಮಾಧಿ ಇದೆ. ವ್ಯಾಪಾರ ಮಾಡಿ ದುಡಿದವರು ಅವರು. ಒಂದೂವರೆ ಲಕ್ಷ ಡಾಲರ್ ಕೊಟ್ಟರು, 1869ರಲ್ಲಿ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಬಂತು. 1874ರಲ್ಲಿ ಪಾಠ ಶುರುವಾದಾಗ ಇದ್ದದ್ದು ಬರೀ 39 ವಿದ್ಯಾರ್ಥಿಗಳು.

ಇದರ ಹಿಂದೆ ಲಿಂಕನ್ ಕಾಲದ 1862ರ ಕಾನೂನು ಇದೆ. ಸರ್ಕಾರಿ ಜಮೀನು ಮಾರಿದ ಹಣದಲ್ಲಿ ದುಡಿಯುವವರ ಮಕ್ಕಳಿಗೆ ಬೇಸಾಯ, ಯಂತ್ರವಿದ್ಯೆ ಕಲಿಸಬೇಕು ಅಂತ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು 1964ರಲ್ಲಿ ಕಟ್ಟಿದ್ದೂ ಇದೇ ಮಾದರಿಯಲ್ಲಿ. ಅದಕ್ಕೇ ಇಲ್ಲಿ ಎಂಜಿನಿಯರಿಂಗ್ ಜೊತೆಗೆ ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಕಾಲೇಜುಗಳೂ ಅಷ್ಟೇ ಗಟ್ಟಿಯಾಗಿವೆ. ವಿಜ್ಞಾನ, ಕಲೆ, ಶಿಕ್ಷಣ, ಬಿಸಿನೆಸ್ ಎಲ್ಲವೂ ಇವೆ. ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ ಶುರುವಾದದ್ದೂ ಇಲ್ಲೇ, 1962ರಲ್ಲಿ.

ನನಗೆ ತುಂಬಾ ಇಷ್ಟದ ಜಾಗ ನೀಲ್ ಆರ್ಮ್‌ಸ್ಟ್ರಾಂಗ್ ಹಾಲ್. ಅವರು 1955ರಲ್ಲಿ ಇಲ್ಲೇ ಏರೋನಾಟಿಕಲ್ ಎಂಜಿನಿಯರಿಂಗ್ ಮುಗಿಸಿದವರು. ಕಟ್ಟಡದ ಮುಂದೆ ಅವರ ಕಂಚಿನ ಪ್ರತಿಮೆ ಇದೆ. ಗಗನಯಾತ್ರಿಯ ಉಡುಪಿಲ್ಲ. ಓದುವ ಹುಡುಗನ ಹಾಗೆ ಕೂತಿದ್ದಾರೆ. ಪಕ್ಕದಲ್ಲೇ ಚಂದ್ರನ ಮೇಲೆ ಮೂಡಿದಂಥ ಬೂಟಿನ ಗುರುತುಗಳು. ಒಂದರಿಂದ ಇನ್ನೊಂದಕ್ಕೆ ಮಕ್ಕಳು ಜಿಗಿಯುತ್ತಿರುತ್ತಾರೆ. ಪರೀಕ್ಷೆ ಕೆಟ್ಟ ದಿನ ನಾನು ಅಲ್ಲಿ ಸುಮ್ನೆ ಕೂತು ಬರುತ್ತಿದ್ದೆ.

ಒಂದು ಮಾತು ಮಾತ್ರ ಕೇಳು. ನಮ್ಮವರು ಜಾಸ್ತಿ ಜನ ಲ್ಯಾಬ್, ರೂಮು, ಮತ್ತೆ ಲ್ಯಾಬ್ ಅಂತಲೇ ಎರಡು ವರ್ಷ ಕಳೆದುಬಿಡುತ್ತಾರೆ. ನಾನೂ ಮೊದಲ ವರ್ಷ ಹಾಗೇ ಕಳೆದೆ, ಇವತ್ತಿಗೂ ಆ ಬೇಸರ ಇದೆ. ಇಲ್ಲಿ ಕೃಷಿ ಎಂಜಿನಿಯರಿಂಗ್ ವಿಭಾಗ ಕೃಷಿ ಕಾಲೇಜಿಗೂ ಸೇರಿದ್ದು, ಎಂಜಿನಿಯರಿಂಗ್ ಕಾಲೇಜಿಗೂ ಸೇರಿದ್ದು. ಮೆಕ್ಕೆಜೋಳ ಕೊಯ್ಯುವ ಯಂತ್ರ, ಒಣಗಿಸುವ ವಿಧಾನ ಎಲ್ಲ ನಿನ್ನ ಮೆಕ್ಯಾನಿಕಲ್‌ಗೆ ಹತ್ತಿರದ ವಿಷಯಗಳೇ. ಅಲ್ಲಿ ಒಂದು ಕೋರ್ಸ್ ತಗೊಳ್ಳೋಕೆ ಆಗುತ್ತಾ ಅಂತ ಮೊದಲ ವಾರವೇ ನಿನ್ನ ಅಡ್ವೈಸರ್ ಹತ್ತಿರ ಕೇಳು.