ಐದು ಗುಡ್ಡ ಬೇಡ, ಮೂರು ಸಾಕು

ಗಂಗಾವತಿಯ ಓದುಗರೊಬ್ಬರ ಪತ್ರ: "ನಾನು ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತೇನೆ. ನಮ್ಮ ಓಣಿಯಲ್ಲಿ ಥಲಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವೊಂದಿದೆ. ಇಂಥ ಮಕ್ಕಳ ಮನೆಯವರಿಗೆ ಹಣ ಕೂಡಿಸಲು ನಾವು ಗೆಳೆಯರು ಸೇರಿ 24 ತಾಸಿನಲ್ಲಿ ಐದು ಗುಡ್ಡ ಹತ್ತಬೇಕು ಅಂದುಕೊಂಡಿದ್ದೇವೆ. ಅಂಜನಾದ್ರಿ, ಕೊಪ್ಪಳದ ಕೋಟೆ, ಮಸ್ಕಿ, ರಾಯಚೂರು ಕೋಟೆ, ಕೊನೆಗೆ ಬಳ್ಳಾರಿ ಗುಡ್ಡ. ಬರುವ ಏಪ್ರಿಲ್‌ನಲ್ಲಿ. ಮನೆಯಲ್ಲಿ ಹುಚ್ಚಾಟ ಅಂತಾರೆ. ನೀವೇನಂತೀರಿ?"

ಗೆಳೆಯರೇ,

ಮಾಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಥಲಸೇಮಿಯಾ ಜೋರಾಗಿರುವ ಮಗುವಿಗೆ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಪದೇ ಪದೇ ರಕ್ತ ಹಾಕಿಸಿದರೆ ಮೈಯಲ್ಲಿ ಕಬ್ಬಿಣದ ಅಂಶ ಜಾಸ್ತಿಯಾಗುತ್ತದೆ, ಅದನ್ನು ಇಳಿಸಲು ಬೇರೆ ಔಷಧಿ. ಆಸ್ಪತ್ರೆಯಲ್ಲಿ ರಕ್ತ ಪುಕ್ಕಟೆ ಸಿಕ್ಕರೂ ಅಪ್ಪನದೋ ಅವ್ವನದೋ ಒಂದು ದಿನದ ಕೂಲಿ ಹೋಗುತ್ತದೆ. ಬಸ್ ಚಾರ್ಜು, ಊಟದ ಖರ್ಚು ಬೇರೆ. ಇದು ವರ್ಷಗಟ್ಟಲೆ ನಡೆಯುವ ಮಾತು. ನಿಮ್ಮ ಕಣ್ಣಿಗೆ ಇದು ಬಿದ್ದಿದೆಯಲ್ಲ, ಅದು ದೊಡ್ಡದು.

ಆದರೆ ನಿಮ್ಮ ಯೋಜನೆಯಲ್ಲಿ ಎರಡು ವಿಷಯ ನನಗೆ ಹಿಡಿಸಲಿಲ್ಲ. ಒಂದು ಏಪ್ರಿಲ್. ಇನ್ನೊಂದು 24 ತಾಸು.

24 ತಾಸಿನ ಲೆಕ್ಕ ಬ್ರಿಟನ್ನಿನ 'ತ್ರೀ ಪೀಕ್ಸ್ ಚಾಲೆಂಜ್'ನಿಂದ ಬಂದಿರಬೇಕು. ಸ್ಕಾಟ್ಲೆಂಡಿನ ಬೆನ್ ನೆವಿಸ್ 1,345 ಮೀಟರ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್ 978 ಮೀಟರ್, ವೇಲ್ಸ್‌ನ ಸ್ನೋಡನ್ 1,085 ಮೀಟರ್. ಮೂರನ್ನೂ ಒಂದೇ ದಿನದಲ್ಲಿ ಹತ್ತಿ ಇಳಿದು ಎಷ್ಟೋ ಮಂದಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಿದ್ದಾರೆ. ಆದರೆ ಅಲ್ಲಿ ನಡಿಗೆ ಸುಮಾರು 40 ಕಿಲೋಮೀಟರ್ ಇದ್ದರೆ ಗಾಡಿಯ ದಾರಿ 700 ಕಿಲೋಮೀಟರ್ ದಾಟುತ್ತದೆ. ಸ್ಕಾಫೆಲ್ ಪೈಕ್ ಬುಡದ ವಾಸ್‌ಡೇಲ್ ಜನ ನಡುರಾತ್ರಿಯ ಗಾಡಿ, ಗದ್ದಲ, ಕಸದಿಂದ ಬೇಸತ್ತು ದೂರು ಹೇಳುತ್ತಲೇ ಇದ್ದಾರೆ. ನಿಮ್ಮ ಐದು ಗುಡ್ಡಗಳ ಕಥೆಯೂ ಇಷ್ಟೇ ಆಗುತ್ತದೆ. ಕಾಲಿಗಿಂತ ಜೀಪಿಗೇ ಕೆಲಸ ಜಾಸ್ತಿ. ಹತ್ತಿ ಇಳಿದು ದಣಿದವರಲ್ಲೇ ಒಬ್ಬರು ರಾತ್ರಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಹಿಡಿಯಬೇಕು. ನನಗೆ ಗುಡ್ಡದ ಭಯವಿಲ್ಲ, ಆ ನಿದ್ದೆಗಣ್ಣಿನ ಭಯ. ಬಹುಶಃ ನಿಮ್ಮ ಮನೆಯವರ ಭಯವೂ ಅದೇ ಇರಬೇಕು.

ಬಿಸಿಲಿನ ವಿಷಯ ನಿಮಗೆ ಹೇಳಿಕೊಡಬೇಕಾ? ಏಪ್ರಿಲ್‌ನಲ್ಲಿ ನಮ್ಮ ಕಡೆ 40 ಡಿಗ್ರಿ ಸಾಮಾನ್ಯ. ನಮ್ಮವು ಮಣ್ಣಿನ ಗುಡ್ಡಗಳಲ್ಲ, ಬರೀ ಬಂಡೆ. ಹೊತ್ತು ಮುಳುಗಿದ ಮೇಲೂ ಕಾದೇ ಇರುತ್ತವೆ. ಹಾಗಂತ ರಾತ್ರಿ ಹತ್ತುವ ಹಾಗೂ ಇಲ್ಲ. ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಮತ್ತೆ ಐದೇ ಯಾಕೆ? ಕೊಪ್ಪಳ ಊರ ಸುತ್ತಲೇ ಮೂರು ಗುಡ್ಡಗಳಿವೆ ಅಲ್ವಾ? ಕೋಟೆ ಗುಡ್ಡ, ಗವಿಮಠದ ಗುಡ್ಡ, ಪಾಲ್ಕಿಗುಂಡು. ಒಂದರಿಂದ ಒಂದಕ್ಕೆ ನಡೆದೇ ಹೋಗಬಹುದು. 1790ರಲ್ಲಿ ಬ್ರಿಟಿಷರು ಮತ್ತು ನಿಜಾಮನ ಸೈನ್ಯ ಈ ಕೋಟೆಯನ್ನು ಹಿಡಿಯಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದವು. ನೀವು ಅದನ್ನು ನಿಧಾನವಾಗಿ ಹತ್ತಿದರೆ ಯಾರೂ ಬೈಯುವುದಿಲ್ಲ. ಉಳಿದ ಎರಡು ಗುಡ್ಡಗಳಲ್ಲಿ ಅಶೋಕನ ಶಾಸನಗಳಿವೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಎಂಬ ಮಾತು ಅಶೋಕನ ಈ ಸಣ್ಣ ಬಂಡೆ ಶಾಸನಗಳಲ್ಲಿ ಬರುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಂದ ಆ ಮಾತು ನಮ್ಮ ಗುಡ್ಡದ ಮೇಲೇ ಇದೆ. ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುತ್ತಿಲ್ಲ. ಶಾಸನದ ಬಂಡೆಯನ್ನು ಮಾತ್ರ ಯಾರೂ ಮುಟ್ಟಬಾರದು, ಅದರ ಮೇಲೆ ಬ್ಯಾನರ್ ಕಟ್ಟಬಾರದು. ಅಂಜನಾದ್ರಿ ಬಿಡಲು ಮನಸ್ಸಿಲ್ಲದಿದ್ದರೆ ಅದನ್ನು ಮರುದಿನ ಬೆಳಿಗ್ಗೆ ಹತ್ತಿ. 575 ಮೆಟ್ಟಿಲು, ಮನೆಯವರನ್ನೂ ಕರೆದುಕೊಂಡು ಹೋಗಿ.

ಇನ್ನು ಹಣ. ಒಬ್ಬರ ಫೋನಿನ ಕ್ಯೂಆರ್ ಕೋಡ್‌ಗೆ ದುಡ್ಡು ಹಾಕಿಸಿಕೊಳ್ಳಬೇಡಿ. ನೀವು ಎಷ್ಟೇ ಪ್ರಾಮಾಣಿಕರಾದರೂ ನಾಳೆ ಯಾರೋ ಒಂದು ಮಾತು ಆಡಿದರೆ ಗೆಳೆತನವೇ ಕೆಡುತ್ತದೆ. ನೋಂದಾಯಿತ ಟ್ರಸ್ಟ್ ಒಂದರ ಖಾತೆಗೇ ನೇರವಾಗಿ ಹೋಗಲಿ. ಆ ಟ್ರಸ್ಟಿಗೆ ದಾನದ ಬಗ್ಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇದ್ದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿಯೂ ಸಿಗಬಹುದು. ಟೀ ಶರ್ಟು, ಜೀಪು, ಊಟ ನಿಮ್ಮ ಜೇಬಿನದೇ ಆಗಲಿ. ಇದರಲ್ಲಿ ನಾನು ಸ್ವಲ್ಪ ಗಟ್ಟಿ. ಮಗುವಿನ ಬಸ್ ಚಾರ್ಜಿಗೆಂದು ಕೊಟ್ಟ ನೂರು ರೂಪಾಯಿ ಟೀ ಶರ್ಟಿಗೆ ಹೋಗಬಾರದು. ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುತ್ತದಲ್ಲ, ಮನೆಯಲ್ಲಿ ತಟ್ಟಿದ ರೊಟ್ಟಿ ನೇರ ದಾಸೋಹಕ್ಕೇ ಹೋಗುತ್ತದೆ. ನಿಮ್ಮ ಲೆಕ್ಕವೂ ಹಾಗೇ ಇರಲಿ.

ಕೊನೆಗೆ ಒಂದು ಕೇಳಿಕೆ. ಈ ಮಕ್ಕಳಿಗೆ ಹಣದಷ್ಟೇ ರಕ್ತವೂ ಬೇಕು. ಗುಡ್ಡ ಹತ್ತುವ ವಾರದ ಹಿಂದೆ ಅಥವಾ ಮುಂದೆ, ರಕ್ತನಿಧಿಯವರ ಜೊತೆ ಮಾತಾಡಿ ಒಂದು ಶಿಬಿರ ಇಡಿ. ಹತ್ತುವ ದಿನವೇ ಬೇಡ, ರಕ್ತ ಕೊಟ್ಟ ದಿನ ಭಾರೀ ಶ್ರಮ ಮಾಡಬಾರದು. 18 ತುಂಬಿ, 45 ಕಿಲೋ ತೂಕವಿದ್ದು ಆರೋಗ್ಯವಾಗಿರುವವರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಗುಡ್ಡ ಹತ್ತಲಾಗದ ನಿಮ್ಮ ಓಣಿಯವರೂ ಹೀಗೆ ಜೊತೆಯಾಗುತ್ತಾರೆ.

ದಿನ ಗೊತ್ತಾದ ಕೂಡಲೇ ಬರೆಯಿರಿ, ಪತ್ರಿಕೆಯಲ್ಲಿ ಹಾಕುತ್ತೇವೆ. ಮುಗಿದ ಮೇಲೆ ಜಮಾ ಖರ್ಚಿನ ಪಟ್ಟಿಯನ್ನೂ ಕಳಿಸಿ. ಅದನ್ನೂ ಅಷ್ಟೇ ದೊಡ್ಡದಾಗಿ ಅಚ್ಚು ಹಾಕುತ್ತೇವೆ.

— ಸಂಪಾದಕ