ಬಿಡುಗಡೆಯಾದವರು ಶಿಬಿರದಲ್ಲೇ ಏಕುಳಿದರು?

ಮಾನ್ಯರೇ,

ಎರಡನೆಯ ಮಹಾಯುದ್ಧದ ನಿರಾಶ್ರಿತರನ್ನು ಕುರಿತ ನಮ್ಮ ಲೇಖನದಲ್ಲಿ ಜರ್ಮನಿಯಲ್ಲಿ ಯೆಹೂದಿ ನಿರಾಶ್ರಿತರಿಗೆಂದು ಇದ್ದ ಶಿಬಿರವೊಂದು 1957ರಲ್ಲಿ ಮುಚ್ಚಿತೆಂದಿರುವುದು ಅಚ್ಚಿನ ದೋಷವಿರಬೇಕು, 1945ರಲ್ಲೇ ನಾಜಿಗಳಿಂದ ಬಿಡುಗಡೆಯಾದವರು ತಮ್ಮ ಊರುಗಳಿಗೆ ಮರಳಬಹುದಿತ್ತಲ್ಲ ಎಂದು ತಾವು ಬರೆದಿದ್ದೀರಿ. ಇಸವಿ ಸರಿಯಾಗಿಯೇ ಇದೆ. ಮ್ಯೂನಿಕ್ ನಗರದ ದಕ್ಷಿಣಕ್ಕಿದ್ದ ಫೋರೆನ್‌ವಾಲ್ಡ್ ಶಿಬಿರ ಮುಚ್ಚಿದ್ದು ಆ ವರ್ಷವೇ.

ಊರಿಗೆ ಮರಳಿದವರೂ ಇದ್ದರು. ಪೋಲೆಂಡಿನಲ್ಲಿ ಅವರ ಎಷ್ಟೋ ಮನೆಗಳಲ್ಲಿ ಆಗಲೇ ಬೇರೆಯವರು ಸಂಸಾರ ಹೂಡಿದ್ದರು. ಅಲ್ಲಿನ ಕೀಲ್ಸೆ ಪಟ್ಟಣದಲ್ಲಿ ಯೆಹೂದಿಗಳು ಬಾಲಕನೊಬ್ಬನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂಬ ಸುದ್ದಿ ಹಬ್ಬಿ, 1946ರ ಜುಲೈ 4ರಂದು ಪೊಲೀಸರು, ಸೈನಿಕರು, ಊರ ಜನ ಎಲ್ಲರೂ ಸೇರಿ ನಲವತ್ತಕ್ಕೂ ಹೆಚ್ಚು ಯೆಹೂದಿಗಳನ್ನು ಕೊಂದರು. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಇದಾದ ಮೇಲೆ ಸಾವಿರಾರು ಕುಟುಂಬಗಳು, ತಮ್ಮವರನ್ನು ಕೊಂದವರ ನಾಡೆಂಬುದು ಗೊತ್ತಿದ್ದೂ, ಅಮೆರಿಕನ್ ಸೈನ್ಯದ ಆಸರೆಯಿದೆಯೆಂಬ ಒಂದೇ ಕಾರಣಕ್ಕೆ ಜರ್ಮನಿಯ ಶಿಬಿರಗಳತ್ತ ಓಡಿಬಂದವು.

ಅಲ್ಲಿಂದ ಮುಂದೆ ದಾರಿಯಿರಲಿಲ್ಲ. ಪ್ಯಾಲೆಸ್ಟೈನನ್ನು ಆಳುತ್ತಿದ್ದ ಬ್ರಿಟನ್ ಯೆಹೂದಿಗಳ ವಲಸೆಗೆ ಮಿತಿ ಹಾಕಿದ್ದ 1939ರ ಶ್ವೇತಪತ್ರದ (ಸರ್ಕಾರಿ ನೀತಿಪತ್ರದ) ನಿಲುವನ್ನು ಕೈಬಿಡದೆ, ಯುದ್ಧಾನಂತರವೂ ತಿಂಗಳಿಗೆ 1,500 ಮಂದಿಗಷ್ಟೇ ಪ್ರವೇಶ ಕೊಟ್ಟಿತು. ಒಂದು ಲಕ್ಷ ಮಂದಿಯನ್ನು ಅಲ್ಲಿಗೆ ಬಿಡಬೇಕೆಂದು ಒತ್ತಾಯಿಸಿದ ಅಮೆರಿಕವಾದರೂ ತನ್ನ ಬಾಗಿಲನ್ನು ತೆರೆಯಿತೇ? ನಿರಾಶ್ರಿತರ ಪ್ರವೇಶಕ್ಕೆಂದು 1948ರಲ್ಲಿ ಅದು ಮಾಡಿದ ಕಾನೂನು 1945ರ ಡಿಸೆಂಬರ್ 22ರೊಳಗೆ ಜರ್ಮನಿ, ಆಸ್ಟ್ರಿಯಾ ಅಥವಾ ಇಟಲಿಯನ್ನು ಸೇರಿದವರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಕೀಲ್ಸೆಯ ನಂತರ ಓಡಿಬಂದವರೆಲ್ಲ ಹೊರಗುಳಿದರು. 1950ರಲ್ಲಿ ಅದನ್ನು ತಿದ್ದಲಾಯಿತು. ಪರರ ನೆಲದ ಬಗ್ಗೆ ಉದಾರವಾಗಿರುವುದು ಸುಲಭ.

1947ರ ಜುಲೈಯಲ್ಲಿ 4,500ಕ್ಕೂ ಹೆಚ್ಚು ಯೆಹೂದಿ ನಿರಾಶ್ರಿತರನ್ನು ಹೊತ್ತು ಫ್ರಾನ್ಸಿನಿಂದ ಪ್ಯಾಲೆಸ್ಟೈನಿಗೆ ಹೊರಟ ಎಕ್ಸೋಡಸ್ ಹಡಗನ್ನು ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲೇ ತಡೆದು ಅಲ್ಲಿನ ಹೈಫಾ ಬಂದರಿಗೆ ತಂದಿತು. ಪ್ರಯಾಣಿಕರನ್ನು ಮೂರು ಹಡಗುಗಳಿಗೆ ತುಂಬಿಸಿ ಫ್ರಾನ್ಸಿಗೆ ವಾಪಸು ಕಳಿಸಿದಾಗ, ಬೇಸಿಗೆಯ ಉರಿಯಲ್ಲಿ ಮೂರು ವಾರ ಕಳೆದರೂ ಬಹುಪಾಲು ಜನ ಇಳಿಯಲೊಪ್ಪಲಿಲ್ಲ. ಕೊನೆಗೆ ಬ್ರಿಟನ್ ಅವರನ್ನು ಹ್ಯಾಂಬರ್ಗ್‌ನಲ್ಲಿ, ಅಂದರೆ ಜರ್ಮನಿಯಲ್ಲೇ, ಇಳಿಸಿತು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಶಿಬಿರಗಳು ಬೇಗ ಬರಿದಾದವು. ಫೋರೆನ್‌ವಾಲ್ಡ್‌ನಲ್ಲಿ ಕಡೆಯವರೆಗೆ ಉಳಿದವರಲ್ಲಿ ಹೆಚ್ಚಿನವರು ಕ್ಷಯರೋಗಿಗಳು, ವೃದ್ಧರು, ಇಸ್ರೇಲಿಗೆ ಹೋಗಿ ನೆಲೆ ನಿಲ್ಲಲಾರದೆ ಮರಳಿದವರು. ಶಿಬಿರದ ಬೀದಿಗಳಿಗೆ ಅಮೆರಿಕದ ರಾಜ್ಯಗಳ ಹೆಸರಿಟ್ಟಿದ್ದರು. ಕ್ಷಯವಿದ್ದವರಿಗೆ ಆ ದೇಶ ವೀಸಾ ಕೊಡುತ್ತಿರಲಿಲ್ಲ.

ಯೂರೋಪಿನ ಪಾಪಕ್ಕೆ ಅರಬ್ಬರೇಕೆ ಬೆಲೆ ತೆರಬೇಕಿತ್ತು ಎಂಬ ತಮ್ಮ ಇನ್ನೊಂದು ಪ್ರಶ್ನೆಯನ್ನು ಅರಬ್ ದೇಶಗಳು ಅಂದೇ ಕೇಳಿದ್ದವು. ವಿಶ್ವಸಂಸ್ಥೆ ನೇಮಿಸಿದ ಸಮಿತಿಯಲ್ಲಿ ಭಾರತ, ಇರಾನ್ ಮತ್ತು ಯುಗೊಸ್ಲಾವಿಯ, ಪ್ಯಾಲೆಸ್ಟೈನನ್ನು ಯೆಹೂದಿ ಮತ್ತು ಅರಬ್ ರಾಜ್ಯಗಳಾಗಿ ವಿಭಜಿಸುವ ಬದಲು ಒಕ್ಕೂಟ ರಾಜ್ಯವನ್ನು ಸೂಚಿಸಿದ್ದವು. ಅದು ಬಿದ್ದುಹೋಗಿ, 1947ರ ನವೆಂಬರ್ 29ರಂದು 33 ಮತಗಳು ವಿಭಜನೆಯ ಪರವಾಗಿಯೂ ಭಾರತದ್ದೂ ಸೇರಿ 13 ವಿರುದ್ಧವಾಗಿಯೂ ಬಿದ್ದವು. ನಂತರದ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಯೆಹೂದಿಗಳಿಗೆ ಬೇರೆ ಆಸರೆಯಿರಲಿಲ್ಲವೆಂಬ ಸಂಗತಿ ಈ ನಷ್ಟಕ್ಕೆ ಸಮರ್ಥನೆಯಾಗದು, ಈ ನಷ್ಟವನ್ನು ಮುಂದಿಟ್ಟು ಆ ಸಂಗತಿಯನ್ನು ಅಲ್ಲಗಳೆಯಲೂ ಆಗದು ಎಂಬುದು ನಮ್ಮ ಅಭಿಪ್ರಾಯ.

– ಸಂಪಾದಕ